ಮಣ್ಣು ಕರಗುವ ತಿಂಗಳು

ಡೋರೀನಳ ಮನೆ, ಗಡಿ ರಸ್ತೆ
ನ್ಯೂಯಾರ್ಕ್ ರಾಜ್ಯದ ಬಡಗಣ ತುದಿ
ಗುರುವಾರ, ೭ ಮೇ ೨೦೨೬

ಪ್ರೀತಿಯ ಮಗ ಗದಿಗೆಪ್ಪನಿಗೆ ನಿನ್ನ ಅವ್ವನ ಆಶೀರ್ವಾದ.

ಸೊಂಟದ ನೋವು ಹೇಗಿದೆ? ದಿನಕ್ಕೆ ಹನ್ನೊಂದು ತಾಸು ಲಾರಿ ಓಡಿಸುವವನು ನಡುನಡುವೆ ಇಳಿದು ನಾಲ್ಕು ಹೆಜ್ಜೆ ಓಡಾಡಬೇಕು ಎಂದು ಹೇಳಿ ಹೇಳಿ ನನ್ನ ಬಾಯಿ ಸವೆಯಿತು, ನಿನ್ನ ಸೊಂಟ ಮಾತ್ರ ಹಾಗೇ ಉಳಿಯಿತು. ಪ್ರಭಾಳ ಕೆಮ್ಮು ಹೋಯಿತೇ? ಅವಳಿಗೆ ಅರಿಶಿನ ಹಾಕಿ ಹಾಲು ಕಾಯಿಸಿ ಕೊಡು, ಹೆಂಡತಿಗೆ ಒಂದು ಲೋಟ ಹಾಲು ಕಾಯಿಸಿದರೆ ಗಂಡಸಿನ ಮೀಸೆ ಉದುರುವುದಿಲ್ಲ. ಸಾನ್ವಿಯ ಮುಂದಿನ ಹಲ್ಲು ಬಿತ್ತೆಂದು ನಿಮ್ಮಕ್ಕ ರೇಣು ಹೇಳಿದಳು. ಬಿದ್ದ ಹಲ್ಲನ್ನು ಸಗಣಿಯಲ್ಲಿ ಮುಚ್ಚಿ ಮಾಳಿಗೆಯ ಮೇಲೆ ಎಸೆಯಬೇಕು. ನಿನ್ನ ಮನೆಗೆ ಮಾಳಿಗೆಯೂ ಇಲ್ಲ, ನಿನ್ನ ಓಣಿಗೆ ಸಗಣಿಯೂ ಇಲ್ಲ. ಇಲ್ಲಿ ನಾನು ಇಳಿದುಕೊಂಡಿರುವ ಡೋರೀನಳ ಕೊಟ್ಟಿಗೆಯಲ್ಲಿ ಬೇಕಾದಷ್ಟಿದೆ, ಆದರೆ ಅದನ್ನು ಗಡಿ ದಾಟಿಸಲು ಹೋದರೆ ನನ್ನನ್ನು ಸಗಣಿ ಕಳ್ಳಿ ಎಂದು ಹಿಡಿದಾರು. ನಾನು ನೆಟ್ಟಗಿದ್ದೇನೆ. ಮೊಣಕಾಲು ಮಾತ್ರ ಹೇಳಿದ ಮಾತು ಕೇಳುವುದಿಲ್ಲ. ನಿಮ್ಮಪ್ಪನ ಜೊತೆ ಐವತ್ತೊಂದು ವರ್ಷ ಬಾಳಿ ಅದಕ್ಕೂ ಅವರ ಹಟ ಹತ್ತಿದೆ.

ಫೋನಿನಲ್ಲಿ ಹೇಳಬಾರದೇ ಎನ್ನುತ್ತೀಯೇನೋ. ಫೋನಿನಲ್ಲಿ ನನ್ನ ಮಾತು ಅರ್ಧಕ್ಕೆ ಬರುವಷ್ಟರಲ್ಲಿ “ಅವ್ವಾ, ನೀ ಸುಮ್ನ ಇರು, ನಿನಗ ತಿಳಿಯೂದಿಲ್ಲ” ಎನ್ನುತ್ತೀ. ಕಾಗದಕ್ಕೆ ಹಾಗೆ ಹೇಳಲು ಬರುವುದಿಲ್ಲ, ಓದಲೇಬೇಕು. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳ ಅಕ್ಷರ, ಕೋಳಿ ಕೆದರಿದ ಹಾಗಿದೆ. ತಪ್ಪಿದ್ದಲ್ಲಿ ನೀನೇ ತಿದ್ದಿಕೊಂಡು ಓದು. ಶನಿವಾರ ಡೋರೀನ್ ಗಡಿಯ ಆ ಕಡೆ, ಕೆನಡಾದಲ್ಲಿರುವ ತನ್ನ ತಂಗಿಯನ್ನು ನೋಡಲು ಹೋಗುತ್ತಾಳೆ. ನಿನ್ನ ಮನೆಯ ಬಾಗಿಲಿಗೇ ಬಂದು ಇದನ್ನು ಕೊಡುತ್ತೇನೆ ಎಂದಿದ್ದಾಳೆ. ಅವಳಿಗೆ ಚಹಾ ಮಾಡಿಕೊಡು, ಸಕ್ಕರೆ ಹಾಕಬೇಡ.

ಸಂಕ್ರಾಂತಿಯ ದಿನ ನಡೆದದ್ದು ನಿನಗೆ ಗೊತ್ತಿದೆ. ಆದರೆ ನೀನು ನೋಡಿದ್ದು ಕಾಲುವೆಯ ಆ ದಂಡೆಯಿಂದ. ಈ ದಂಡೆಯಲ್ಲಿ ಏನಾಯಿತು ಎಂಬುದನ್ನು ನಾನು ನಿನಗೆ ಇದುವರೆಗೆ ಪೂರ್ತಿ ಹೇಳಿಲ್ಲ. ನೀನು ಹಿಂದೆ ರೇಣುವಿನ ಮನೆಗೆಂದು ಈ ದೇಶಕ್ಕೆ ಬಂದು, ವೀಸಾ ಮುಗಿದ ಮೇಲೂ ಎರಡು ವರ್ಷ ಕುಳಿತು, ಆಮೇಲೆ ಕೆನಡಾಕ್ಕೆ ಹೋದೆ. ಅದಕ್ಕಾಗಿ ನಿನಗೆ ಇಲ್ಲಿಯ ಬಾಗಿಲು ಹತ್ತು ವರ್ಷ ಮುಚ್ಚಿದ್ದಾರೆ. ನಮಗಿಬ್ಬರಿಗೆ ರೇಣು ಹಸಿರು ಕಾರ್ಡಿನ ಅರ್ಜಿ ಹಾಕಿದ್ದಾಳೆ. ಅದು ಕೈಗೆ ಬರುವ ಮೊದಲು ದೇಶ ಬಿಟ್ಟರೆ ಅರ್ಜಿ ಸತ್ತಂತೆ. ನೀನು ಬರುವ ಹಾಗಿಲ್ಲ, ನಾವು ಹೋಗುವ ಹಾಗಿಲ್ಲ. ಆಗ ಉಳಿದದ್ದು ಈ ರಸ್ತೆ ಒಂದೇ. ರಸ್ತೆ ಅಮೇರಿಕದ್ದು, ಬದಿಯ ಕಾಲುವೆ ಯಾರದ್ದೂ ಅಲ್ಲ, ಕಾಲುವೆಯಾಚೆಯ ಜೋಳದ ಹೊಲ ಕೆನಡಾದ್ದು. ಆಡು ಜಿಗಿದು ದಾಟುವಷ್ಟು ಅಗಲ. ನಿಮ್ಮಪ್ಪ ಊರಲ್ಲಿ ಮೊಳದಗಲದ ಬದುವಿಗಾಗಿ ಹನ್ನೊಂದು ವರ್ಷ ದಾಯಾದಿಯ ಜೊತೆ ಕೋರ್ಟಿಗೆ ಅಲೆದವರು. ಆವತ್ತು ಕಾರಿನಿಂದ ಇಳಿದು ಅದನ್ನು ನೋಡಿ, “ಇಷ್ಟಕ್ಕ ಎರಡು ದೇಶೇನಲೇ? ನಮ್ಮ ಬದು ಇದಕ್ಕಿಂತ ದೊಡ್ಡದಿತ್ತು” ಎಂದರು. ಅದು ನಿನಗೂ ಕೇಳಿಸಿತು, ನೀನು ನಕ್ಕೆ.

ಗಸ್ತಿನ ಗಾಡಿಯ ಹುಡುಗ ಬಂದು ಕಿಟಕಿ ಇಳಿಸಿದ್ದನ್ನು ನೀನು ನೋಡಿದ್ದೀ, ಅವನು ಹೇಳಿದ್ದು ನಿನಗೆ ಕೇಳಿಸಿಲ್ಲ. ಮಾತಾಡಿ, ನೋಡಿ, ಆದರೆ ಈ ಕಡೆಯಿಂದ ಆ ಕಡೆಗೆ ಏನನ್ನೂ ಕೊಡಬೇಡಿ ಎಂದನಂತೆ, ಅಳಿಯ ಜಯ್ ಹೇಳಿದ. ಎಳ್ಳು ಬೆಲ್ಲದ ಡಬ್ಬಿ ನನ್ನ ಸೆರಗಿನೊಳಗೇ ಉಳಿಯಿತು. ಮುಚ್ಚಳ ತೆಗೆದು ಸಾನ್ವಿಗೆ ತೋರಿಸಿದೆ. ಮಗು ಕೆಂಪು ಟೊಪ್ಪಿಗೆ ಹಾಕಿಕೊಂಡು ಆ ಕಡೆಯಿಂದ ಬಾಯಿ ತೆರೆದು ನಿಂತಿತ್ತು, ನಾನು ಎಸೆಯುತ್ತೇನೆ ಎಂದುಕೊಂಡು. ಹಬ್ಬದ ದಿನ ತೆರೆದ ಮಗುವಿನ ಬಾಯಿಗೆ ಒಂದು ಕಾಳು ಹಾಕಲಾಗದ ಅಜ್ಜಿ ನಾನು. ಆಮೇಲೆ ನಿಮ್ಮಪ್ಪ ಎದೆ ಹಿಡಿದುಕೊಂಡು ಹಿಮದ ಮೇಲೆ ಕುಳಿತರು. ನಾನು ಮೊದಲು ಬೈದೆ ಗದಿಗ್ಯಾ. “ಏಳ್ರಿ, ಧೋತರ ಒದ್ದಿ ಆಗತೈತಿ” ಎಂದೆ. ನೀನು ಒಂದು ಕಾಲನ್ನು ಕಾಲುವೆಗೆ ಇಳಿಸಿದೆ. ಅವರು ಕೈ ಎತ್ತಿ, “ಅಲ್ಲೇ ನಿಂದ್ರು!” ಎಂದರು. ಅದೇ ಅವರ ಕಡೆಯ ಮಾತು. ನೀನು ನಿಂತೆ. ನಾಲ್ಕು ತಿಂಗಳಿಂದ ನೀನು ಅದನ್ನೇ ನೆನೆದು ಹಲುಬುತ್ತಿದ್ದೀ, ಯಾಕೆ ನಿಂತೆ ಎಂದು. ಅಪ್ಪನ ಮಾತು ಕೇಳಿ ನಿಂತೆಯಪ್ಪಾ. ನಲವತ್ತನಾಲ್ಕು ವರ್ಷದಲ್ಲಿ ಮೊದಲ ಸಲ ಕೇಳಿದೆ, ಅದಕ್ಕೂ ಈಗ ಪಶ್ಚಾತ್ತಾಪವೇ?

ಅಂಬುಲೆನ್ಸಿಗೆ ಮೂವತ್ತೈದು ನಿಮಿಷ ಬೇಕಾಯಿತು. ರೇಣು ಇರುವ ನ್ಯೂಜೆರ್ಸಿಯ ಸಮರ್‌ಸೆಟ್ಟಿನಲ್ಲಿ ಯಾರಾದರೂ ಜೋರಾಗಿ ಸೀನಿದರೆ ಐದು ನಿಮಿಷಕ್ಕೆ ಬರುತ್ತದೆ. ಇಲ್ಲಿ ಅದನ್ನು ಓಡಿಸುವವರು ಊರ ಜನರೇ, ಸಂಬಳವಿಲ್ಲ. ಡೋರೀನ್ ಹಾಲು ಕರೆಯುವುದನ್ನು ಅರ್ಧಕ್ಕೆ ಬಿಟ್ಟು ಸಗಣಿಯ ಬೂಟಿನಲ್ಲೇ ಓಡಿ ಬಂದಿದ್ದಳು. ನಿಮ್ಮಪ್ಪನ ಎದೆಯನ್ನು ಒತ್ತಿ ಒತ್ತಿ ಅವಳ ಮುಖ ಬೆವರಿತು, ಅಂಥ ಚಳಿಯಲ್ಲಿ. ದೊಡ್ಡಾಸ್ಪತ್ರೆಗೆ ಮುಟ್ಟುವ ಮೊದಲೇ ಮುಗಿದಿತ್ತು. ನನಗೆ ಆ ಬೂಟಿನ ವಾಸನೆಯಲ್ಲಿ ನಮ್ಮ ಹಿತ್ತಲ ನೆನಪಾಗಿ, ಪರದೇಶದಲ್ಲಿ ಸತ್ತರು ಎಂದು ಅನ್ನಿಸಲಿಲ್ಲ. ಇದನ್ನು ಯಾರಿಗೂ ಹೇಳಿರಲಿಲ್ಲ, ನಿನಗೆ ಬರೆಯುತ್ತಿದ್ದೇನೆ.

ಇನ್ನು ಈ ಸೀಮೆಯ ಕಥೆ ಕೇಳು. ಇದನ್ನು ಕೌಂಟಿ ಎನ್ನುತ್ತಾರೆ, ನಮ್ಮ ತಾಲೂಕಿನ ಹಾಗೆ. ಹೆಸರು ನನ್ನ ನಾಲಿಗೆಗೆ ಹೊರಳುವುದಿಲ್ಲ. ಅಮೇರಿಕ ಎಂದರೆ ರೇಣುವಿನ ಕಡೆಯ ಬ್ರಿಡ್ಜ್‌ವಾಟರಿನ ಗುಡಿ, ಮಾಲು, ಗಾಜಿನ ಆಫೀಸು ಎಂದುಕೊಂಡಿದ್ದೆ. ಆರು ತಾಸು ಕಾರಿನಲ್ಲಿ ಕುಳಿತು ಬಂದರೆ ಇಲ್ಲಿ ಬಡ ಅಮೇರಿಕ ಇದೆ. ಈ ರಸ್ತೆಯಲ್ಲಿ ಹಿಂದೆ ಹದಿನಾಲ್ಕು ಮನೆಯವರು ದನ ಕಟ್ಟಿದ್ದರಂತೆ, ಈಗ ಇಬ್ಬರು. ಉಳಿದ ಕೊಟ್ಟಿಗೆಗಳು ಬೆನ್ನು ಮುರಿದ ಎತ್ತಿನ ಹಾಗೆ ನಡು ಬಗ್ಗಿ ನಿಂತಿವೆ. ಇದ್ದೊಂದು ದೊಡ್ಡ ನೌಕರಿ ಜೇಲಿನದು, ಅದನ್ನೂ ಮುಚ್ಚಿದರು. ಜೇಲು ಮುಚ್ಚಿತೆಂದು ಅಳುವ ಊರನ್ನು ನಾನು ಇದೇ ಮೊದಲು ನೋಡಿದ್ದು. ಹೆರಿಗೆಗೆ ಒಂದೂವರೆ ತಾಸು ದೂರ ಹೋಗಬೇಕು. ಹಳದಿ ಬಸ್ಸಿನಲ್ಲಿ ಆರು ಮಕ್ಕಳು ಕುಳಿತಿರುತ್ತಾರೆ, ಬಸ್ಸಿನ ತುಂಬ ಗಾಳಿ. ದಿಬ್ಬದ ಮೇಲೆ ಗದುಗಿನ ಗುಡ್ಡದಲ್ಲಿರುವಂಥ ಗಾಳಿ ಯಂತ್ರಗಳು ತಿರುಗುತ್ತವೆ, ಕರೆಂಟು ಮಾತ್ರ ಪೇಟೆಗೆ ಹೋಗುತ್ತದಂತೆ. ಇದೂ ನಮ್ಮ ಕಡೆಯ ಹಾಗೇ. ಕಾಡಿನಲ್ಲಿ ಗಡಿ ಹಾದುಹೋಗುವ ಕಡೆ ಮರಗಳನ್ನು ಕಡಿದು ಬೈತಲೆ ತೆಗೆದಿದ್ದಾರೆ, ನೆಟ್ಟಗೆ, ಮದುಮಗಳ ತಲೆಯ ಹಾಗೆ, ಕುಂಕುಮ ಒಂದಿಲ್ಲ. ಈ ಜನರ ಅಜ್ಜಂದಿರು ಆ ಕಡೆಯಿಂದ ಹೆಣ್ಣು ತಂದವರು, ಆ ಕಡೆಗೆ ಹೆಣ್ಣು ಕೊಟ್ಟವರು. ಮೊದಲು ಹಾಲಿನ ಕ್ಯಾನು ಹಿಡಿದು ದಾಟಿ ಹೋಗಿ ಊಟ ಮಾಡಿ ಬರುತ್ತಿದ್ದರಂತೆ. ಈಗ ಡೋರೀನ್ ಎದುರಿಗೆ ಕಾಣುವ ತಂಗಿಯ ಮನೆಗೆ ಹೋಗಲು ಹದಿನೆಂಟು ಮೈಲಿ ಸುತ್ತಿ, ಪಾಸ್‌ಪೋರ್ಟ್ ತೋರಿಸಿ ಹೋಗುತ್ತಾಳೆ.

ಅವಳಿಗೂ ನನಗೂ ಮಾತು ಬರುವುದಿಲ್ಲ ಎಂದು ರೇಣು ಚಿಂತೆ ಮಾಡುತ್ತಾಳೆ. ಹಸುವಿನ ಮುಂದೆ ನಿಂತರೆ ಯಾವ ಮಾತು ಬೇಕು? ಈ ಸಲ ಬಂದ ಮರುದಿನವೇ ಅವಳ ಕರಿ ಹಸುವಿನ ಕೆಚ್ಚಲು ಮುಟ್ಟಿ, ಬಾವು ಶುರುವಾಗಿದೆ ಎಂದು ಕೈಸನ್ನೆಯಲ್ಲಿ ತೋರಿಸಿದೆ. ಡಾಕ್ಟರನ್ನು ಕರೆಸಿದಳು, ಹೌದೆಂದ. ಅಂದಿನಿಂದ ನನ್ನ ತಾಟಿಗೆ ಎರಡು ಪಟ್ಟು ಬಡಿಸುತ್ತಾಳೆ. “ಶೈಲಾ, ಈಟ್” ಎನ್ನುತ್ತಾಳೆ, ಎಪ್ಪತ್ತೆರಡರ ಮುದುಕಿಯನ್ನು ಹೆಸರು ಹಿಡಿದು! ನಮ್ಮತ್ತೆ ಕೂಡ ನನ್ನನ್ನು ಹಾಗೆ ಕರೆದಿರಲಿಲ್ಲ.

ಮಣ್ಣಿನ ಮಾತಿಗೆ ಬರುತ್ತೇನೆ. ನಿಮ್ಮಪ್ಪ ಹೋದ ದಿನ ಜಯ್ ಪಾಪ, ನ್ಯೂಜೆರ್ಸಿಯ ಶವಸಂಸ್ಕಾರದವರಿಗೆ ಫೋನು ಹಚ್ಚಿ, ಹಿಂದೂಗಳು ಎಂದು ಹೇಳಿದ. ಹಿಂದೂ ಎಂದ ಕೂಡಲೇ ಅವರು ಸುಡುವ ಯಂತ್ರಕ್ಕೆ ದಿನ, ತಾಸು ಗೊತ್ತುಮಾಡಿಬಿಟ್ಟರು. ಕನ್ನಡ ಸಂಘದ ವಾಟ್ಸಾಪಿನಲ್ಲಿ ಇನ್ನೂರು ಜನರಿಗೆ ಸುದ್ದಿಯೂ ಹೋಯಿತು, ಕಾರು ಎಲ್ಲಿ ನಿಲ್ಲಿಸಬೇಕು ಎಂಬುದರ ಸಮೇತ. ಮಾನ್ಮತ್ ಜಂಕ್ಷನ್ನಿನ ಒಬ್ಬಳು ಬೂದಿ ಇಡಲು ತಾಮ್ರದ ಕೊಡ ನಮ್ಮಲ್ಲಿದೆ ಎಂದು ಬರೆದಿದ್ದಳು. ನಾನು ರೇಣುವಿನ ಕೈಯಿಂದ ಫೋನು ಕಿತ್ತುಕೊಂಡು, “ನಮ್ಮವರನ್ನ ಸುಟ್ಟರ ನನ್ನೂ ಅದರಾಗ ದೂಡ್ರಿ. ಕೊರಳಾಗ ಲಿಂಗ ಕಟ್ಟಿಕೊಂಡವರಿಗೆ ಮಣ್ಣೇ ಗತಿ” ಎಂದೆ. ಸೂರ್ಯ ಮುಳುಗುವುದರೊಳಗೆ ಮಣ್ಣು ಆಗಬೇಕು ಎಂದೂ ಹಟ ಹಿಡಿದೆ. ಆಗ ಡೋರೀನ್ ನನ್ನ ಕೈ ಹಿಡಿದು ಹಿತ್ತಲಿಗೆ ಕರೆದೊಯ್ದು, ಒಂದು ಕಬ್ಬಿಣದ ಹಾರೆ ಕೊಟ್ಟು, ನೆಲಕ್ಕೆ ಹಾಕು ಎಂದು ತೋರಿಸಿದಳು. ಹಾಕಿದೆ. ಹಾರೆ ಠಣ್ ಎಂದು ಹಿಂದಕ್ಕೆ ಚಿಮ್ಮಿತು, ಕೈ ಮೊಣಕೈವರೆಗೆ ಜೋಮು ಹಿಡಿಯಿತು. ಇಲ್ಲಿ ಮಾರ್ಗಶಿರದಿಂದ ವೈಶಾಖದವರೆಗೆ ಭೂಮಿ ಕಲ್ಲಾಗುತ್ತದೆ. ಆ ತಿಂಗಳುಗಳಲ್ಲಿ ಸತ್ತವರನ್ನು ಸ್ಮಶಾನದ ದಿಬ್ಬದ ಮಗ್ಗುಲಿನ ಒಂದು ಕಲ್ಲಿನ ಕೋಣೆಯಲ್ಲಿಟ್ಟು ಬೀಗ ಹಾಕುತ್ತಾರೆ, ಜೋಳ ತುಂಬಿಡುವ ಹಗೇವಿನಂಥ ಕೋಣೆ. ಮಣ್ಣು ಕರಗಿದ ಮೇಲೆ ಒಬ್ಬೊಬ್ಬರನ್ನೇ ಹೊರಗೆ ತೆಗೆದು ಹುಗಿಯುತ್ತಾರೆ. ಹೆಣಕ್ಕೂ ಪಾಳಿ.

ಅದಕ್ಕೂ ಊರ ಪಂಚರು ಒಪ್ಪಬೇಕಿತ್ತು, ನಾವು ಪರಸ್ಥಳದವರು. ಬೆಂಕಿ ನಂದಿಸುವವರ ಸಭೆಯ ಕೋಣೆಯಲ್ಲಿ ಐದು ಜನ ಕುಳಿತರು, ಎಲ್ಲರೂ ನನ್ನ ವಯಸ್ಸಿನವರು, ನಡುವೆ ಬಿಸ್ಕೀಟಿನ ತಟ್ಟೆ. ರೇಣು ಅಳುತ್ತ ನನ್ನ ಮಾತನ್ನು ಇಂಗ್ಲಿಷಿಗೆ ಮಾಡಿ ಹೇಳಿದಳು. ನಮ್ಮಲ್ಲಿ ಕೂಡಿಸಿ ಮಣ್ಣು ಮಾಡುತ್ತಾರೆ ಎಂದೆ. ದೇಹ ಸೆಟೆದುಹೋಗಿದೆ, ಕೂಡಿಸಲು ಬರುವುದಿಲ್ಲ ಎಂದರು. ಬದುಕಿದ್ದಾಗಲೂ ಅವರು ಯಾರ ಮಾತಿಗೂ ಬಗ್ಗಿದವರಲ್ಲ, ನಾನು ಒಪ್ಪಿದೆ. ಸಿಮೆಂಟಿನ ಗೂಡು ಬೇಡ, ಮಣ್ಣು ಮೈಗೆ ತಾಗಬೇಕು ಎಂದೆ. ಜೇಲಿನಲ್ಲಿ ಕಾವಲುಗಾರನಾಗಿದ್ದ ಮುದುಕನೊಬ್ಬ, ಹಲಗೆಗಳ ನಡುವೆ ಸಂದು ಬಿಟ್ಟು ಪೆಟ್ಟಿಗೆ ಮಾಡಿಕೊಡುತ್ತೇನೆ ಎಂದ. ಕೊನೆಗೆ ಒಬ್ಬಳು ಕೇಳಿದಳು, ನ್ಯೂಜೆರ್ಸಿಯಲ್ಲಿ ನಿಮ್ಮವರು ಇಷ್ಟು ಜನ ಇರುವಾಗ ಇಲ್ಲೇ ಯಾಕೆ? ಈ ದಿಬ್ಬದ ಮೇಲೆ ನಿಂತರೆ ಆ ಕಡೆಯ ಹೊಲ ಕಾಣುತ್ತದೆ, ಅಲ್ಲಿ ಅವರ ಮಗ ಬಂದು ನಿಲ್ಲುತ್ತಾನೆ ಎಂದೆ. ಐವರೂ ಕೈ ಎತ್ತಿದರು. ಎಡ ಅಂಗೈಯಲ್ಲಿ ಲಿಂಗವಿಟ್ಟು, ವಿಭೂತಿ ಹಚ್ಚಿ, ನಾಲ್ಕು ತಿಂಗಳು ಅವರನ್ನು ಆ ಹಗೇವಿನಲ್ಲಿ ಬಿಟ್ಟು ಸಮರ್‌ಸೆಟ್ಟಿಗೆ ಹೋಗಿ ಕುಳಿತೆ. ನಮ್ಮಲ್ಲಿ ಸೂತಕವಿಲ್ಲ ಎನ್ನುತ್ತಾರೆ. ಅದನ್ನು ಎದೆಗೆ ಯಾರು ಹೇಳಬೇಕು? ರೇಣುವಿನ ಮನೆಯ ಹೀಟರಿನ ಮುಂದೆ ಕುಳಿತಾಗಲೆಲ್ಲ, ಅವರು ಅಲ್ಲಿ ಚಳಿಯಲ್ಲಿದ್ದಾರೆ ಎಂದು ನನ್ನ ಕಾಲು ತಣ್ಣಗಾಗುತ್ತಿತ್ತು.

ಈಗ ನಿನ್ನ ಹಟ. ಸೋಮವಾರ ಶಿವನ ವಾರ, ಆ ದಿನ ಮಣ್ಣು ಎಂದು ನಿನಗೆ ಹೇಳಿದ ಗಳಿಗೆಯಿಂದ, “ಹೊಲದಾಗ ಹಾದು ಬರತೀನಿ, ಮೊದಲನೇ ಹಿಡಿ ಮಣ್ಣು ಮಗನ ಕೈಯಿಂದಲೇ ಬೀಳಬೇಕು, ಹತ್ತು ನಿಮಿಷದ ಮಾತು” ಎನ್ನುತ್ತಿದ್ದೀ. ಹತ್ತು ನಿಮಿಷ! ಮರಮರಕ್ಕೆ ಕ್ಯಾಮೆರಾದ ಕಣ್ಣು ಕಟ್ಟಿದ್ದಾರೆ. ಡೋರೀನಳಲ್ಲಿ ಹಾಲು ಕರೆಯುವ ಇಬ್ಬರು ಯಾವುದೋ ದೂರ ದೇಶದವರು. ಗಸ್ತಿನ ಗಾಡಿಯ ಸದ್ದು ಕೇಳಿದರೆ ಕೈಯಲ್ಲಿದ್ದ ಕೆಚ್ಚಲು ಬಿಟ್ಟು ಹುಲ್ಲಿನ ಹಿಂದೆ ಕೂರುತ್ತಾರೆ. ಗಂಡಸರು ಮಕ್ಕಳ ಹಾಗೆ ಅಡಗುವುದನ್ನು ನೋಡಿ ನನಗೆ ಊಟ ಇಳಿಯಲಿಲ್ಲ. ಹೋದ ವರ್ಷ ಹಿಮ ಕರಗಿದಾಗ ಬೈತಲೆ ತೆಗೆದ ಕಾಡಿನ ಅಂಚಿನಲ್ಲಿ ಒಬ್ಬ ಸಿಕ್ಕನಂತೆ, ಕಾಲಲ್ಲಿ ಹೊಸ ಬೂಟು. ಯಾರ ಮಗನೋ, ಯಾವ ಊರೋ. ಈ ದಿಬ್ಬದ ಮೂಲೆಯಲ್ಲೇ ಇದ್ದಾನೆ, ಹಲಗೆಯ ಮೇಲೆ ತಾರೀಖು ಇದೆ, ಹೆಸರಿಲ್ಲ. ನಾನು ಅಲ್ಲಿ ನಿಂತು, ಇವನ ಅವ್ವ ಇನ್ನೂ ಫೋನು ಹಿಡಿದು ಕುಳಿತಿರಬೇಕು ಎಂದುಕೊಂಡೆ.

ನಿನ್ನ ಹತ್ತು ವರ್ಷದಲ್ಲಿ ಏಳು ಕಳೆದಿವೆ. ಕದ್ದು ದಾಟಿ ಸಿಕ್ಕಿಬಿದ್ದರೆ ಹತ್ತು ಹೋಗಿ ಜನ್ಮವಿಡೀ ಆಗುತ್ತದೆ ಎಂದು ಜಯ್ ವಕೀಲರನ್ನು ಕೇಳಿ ಹೇಳಿದ. ಆ ಕಡೆಯವರು ನಿನ್ನ ಕಾಗದಪತ್ರ ಏನು ಮಾಡುತ್ತಾರೋ ಶಿವನೇ ಬಲ್ಲ. ಸತ್ತವರಿಗೆ ಒಂದು ಹಿಡಿ ಮಣ್ಣು ಹಾಕಲು ಬಂದು, ಬದುಕಿದ್ದವರ ಬಾಯಿಗೆ ಮಣ್ಣು ಹಾಕುತ್ತೀಯಾ? ಪ್ರಭಾ ಏನು ಮಾಡಬೇಕು, ಸಾನ್ವಿ ಏನು ಮಾಡಬೇಕು? ಇನ್ನೊಂದು ಮಾತು. ನಿನ್ನಿಂದ ಅವರು ಸತ್ತರು ಎಂದು ನೀನು ಕೊರಗುವುದು ಬೇಡ. ಜನವರಿಯಲ್ಲಿ ಅವರು, ಚಳಿ ಬಹಳ ಇದೆ, ಯುಗಾದಿಗೆ ಹೋಗೋಣ ಎಂದಿದ್ದರು. “ಮಗನ ಮಾರಿ ನೋಡದ ಎಂಥಾ ಹಬ್ಬಾರೀ, ನಿಮ್ಮ ಎದೀ ಏನು ಕಲ್ಲೇನು?” ಎಂದು ಚುಚ್ಚಿ ಕಾರು ಹತ್ತಿಸಿದವಳು ನಾನು. ಅವರ ಎದೆ ಕಲ್ಲಾಗಿರಲಿಲ್ಲ. ಈ ನಾಲಿಗೆಯನ್ನು ಕಟ್ಟಿಕೊಂಡು ಇನ್ನೆಷ್ಟು ದಿನ ಇರಬೇಕೋ. ಹೊರಬೇಕಾದವಳು ನಾನು ಇದ್ದೇನೆ, ನೀನು ನಡುವೆ ಬಂದು ಹೆಗಲು ಕೊಡಬೇಡ.

ಪ್ರಭಾಗೆ ನನ್ನ ಆಶೀರ್ವಾದ ತಿಳಿಸು. ಸಾನ್ವಿಯ ಎರಡೂ ಗಲ್ಲಕ್ಕೆ ನನ್ನ ಮುತ್ತು. ಅವಳಿಗೆ ಕನ್ನಡದಲ್ಲಿ ಬೈಯುವುದನ್ನಾದರೂ ಕಲಿಸು, ಉಳಿದದ್ದು ತಾನೇ ಬರುತ್ತದೆ. ರೇಣು, ಜಯ್ ನಿನ್ನನ್ನು ಕೇಳಿದ್ದಾರೆ. ನಾಳೆ ಅವರ ಜೊತೆ ಸಮರ್‌ಸೆಟ್ಟಿಗೆ ಹೊರಡುತ್ತೇನೆ. ಹೊತ್ತಿಗೆ ಸರಿಯಾಗಿ ಉಣ್ಣು. ಶಿವ ನಿನ್ನನ್ನು ದಾರಿಯಲ್ಲೂ ಮನೆಯಲ್ಲೂ ಕಾಯಲಿ.

ನಿನ್ನ ಅವ್ವ,
ಶೈಲಮ್ಮ

ತಾ.ಕ.: ಡೋರೀನ್ ಲಕೋಟೆ ಹಿಡಿದು ನಿಂತಿದ್ದಾಳೆ. ಇದನ್ನು ಮೊದಲೇ ಬರೆಯಬೇಕಿತ್ತು, ಕೈ ಏಳಲಿಲ್ಲ. ನಾನು ನಿನಗೆ ಸೋಮವಾರ ಎಂದು ಸುಳ್ಳು ಹೇಳಿದ್ದೆ. ಮಣ್ಣು ನಿನ್ನೆ, ಬುಧವಾರವೇ ಆಯಿತು. ರೇಣು, ಜಯ್ ಇಬ್ಬರ ಬಾಯಿಗೂ ಬೀಗ ಹಾಕಿದವಳು ನಾನೇ, ಅವರನ್ನು ಬೈಯಬೇಡ. ಸಮರ್‌ಸೆಟ್ಟಿನಿಂದ ಬಂದಿದ್ದ ಅಯ್ಯನವರು ಮಗ ಎಲ್ಲಿ ಎಂದು ಕೇಳಿದರು. ಅವನು ಬರುವುದಿಲ್ಲ, ನಾನು ಬರಗೊಟ್ಟಿಲ್ಲ ಎಂದು ಹೇಳಿ, ನಿನ್ನ ಹೆಸರು ಹೇಳಿ ಮೊದಲ ಹಿಡಿಯನ್ನು ನಾನೇ ಹಾಕಿದೆ. ಆಮೇಲೆ ನನ್ನದು. ಮಣ್ಣು ಮೆತ್ತಗಿತ್ತು, ಕಪ್ಪಗಿತ್ತು, ನಮ್ಮ ಎರೆ ಹೊಲದ ಹಾಗೆ. ಸೋಮವಾರ ನೀನು ಬಂದರೆ ಇಲ್ಲಿ ಯಾರೂ ಇರುವುದಿಲ್ಲ, ಗಸ್ತಿನ ಗಾಡಿ ಒಂದೇ ಇರುತ್ತದೆ. ತಂದೆಯ ಮಣ್ಣು ತಪ್ಪಿಸಿದ ತಾಯಿ ಎಂದು ಎಷ್ಟು ಬೇಕಾದರೂ ಬೈಯಿ, ಕೇಳಿಸಿಕೊಳ್ಳುತ್ತೇನೆ. ಆದರೆ ಆ ದಂಡೆಯಲ್ಲೇ ನಿಂತು ಬೈಯಿ, ಮಗನೇ.